ಸಾವಿನ ಮನೆಗೆ ಮೊದಲು ಬರುವ ಶಾಸಕರು

ಸತತ ಆರು ಬಾರಿ ಗೆದ್ದಿದ್ದ ಶಾಸಕರು ಏಳನೆಯ ಬಾರಿ ಸೋತದ್ದಕ್ಕೆ ಕರ್ತವ್ಯಲೋಪ ಕಾರಣವಲ್ಲವೆಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ. ಕ್ಷೇತ್ರದಲ್ಲಿ ಯಾರೇ ತೀರಿಕೊಳ್ಳಲಿ, ನೆಂಟರಿಗಿಂತ ಮುಂಚೆ ಅವರ ಕಾರು ಬಾಗಿಲಲ್ಲಿರುತ್ತಿತ್ತು. ಹಾರ ಹಾಕಿ, ಕಣ್ಣೊರೆಸಿಕೊಂಡು, ಮುಂದಿನ ಸಾವಿಗೆ ಹೊರಡುತ್ತಿದ್ದರು. ಇದಕ್ಕೆಂದೇ ಅವರ ಕಚೇರಿಯಲ್ಲಿ ಸಂತಾಪ ವಿಭಾಗವಿತ್ತು. ಬೇರೆ ವಿಭಾಗ ಇರಲಿಲ್ಲ.

ಆದ್ದರಿಂದ ಬದುಕಿದ್ದವರೂ ಅಲ್ಲಿಗೇ ಬರಬೇಕಿತ್ತು. ದರ್ಜಿಯ ಹೆಂಡತಿ, ಗಂಡನಿಗೆ ಎದೆನೋವು, ಆಸ್ಪತ್ರೆಗೊಬ್ಬ ಡಾಕ್ಟರನ್ನು ಹಾಕಿಸಿ ಎಂದು ಬಂದಾಗ ಆಪ್ತ ಕಾರ್ಯದರ್ಶಿ ವಿನಯದಿಂದಲೇ ವಿಚಾರಿಸಿದ.

"ಯಜಮಾನ್ರು ಹೋಗ್ಬಿಟ್ರಾ ಅಮ್ಮಾ?"

"ಇಲ್ಲ ಸ್ವಾಮಿ, ಇನ್ನೂ ಉಸಿರಾಡ್ತಿದ್ದಾರೆ."

"ಹಾಗಾದ್ರೆ ಇದು ನಮ್ಮ ವ್ಯಾಪ್ತಿಗೆ ಬರಲ್ಲ. ಸ್ವಲ್ಪ ಕಾಯಿರಿ."

ಆಕೆ ಹೆಚ್ಚು ಕಾಯಬೇಕಾಗಲಿಲ್ಲ. ಶಾಸಕರು ಹಾರ ಹಿಡಿದು ಹೊತ್ತಿಗೆ ಸರಿಯಾಗಿ ಆಕೆಯ ಮನೆಗೆ ಬಂದರು. "ಡಾಕ್ಟ್ರು ಬರ್ಲಿಲ್ಲ, ನೀವು ಬಂದ್ರಿ," ಎಂದಳು. ಶಾಸಕರು ಅದನ್ನು ಮೆಚ್ಚುಗೆಯೆಂದೇ ತಿಳಿದರು.

ಚುನಾವಣೆ ಬಂತು. ಮತ ಕೇಳಲು ಹೊರಟರೆ, ಕಾರು ಕಂಡಲ್ಲೆಲ್ಲ ಬಾಗಿಲು ಮುಚ್ಚಿಕೊಂಡವು. "ನಮ್ಮನೇಲಿ ಎಲ್ರೂ ಗಟ್ಟಿಮುಟ್ಟಾಗಿದ್ದೀವಿ, ಮುಂದಕ್ಕೆ ಹೋಗಪ್ಪಾ!" ಎಂದು ಅಜ್ಜನೊಬ್ಬ ಕಿಟಕಿಯಿಂದ ಕೂಗಿದ. ಶಾಸಕರ ಠೇವಣಿಯೂ ಉಳಿಯಲಿಲ್ಲ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ಪಕ್ಷವು ಸತ್ಯಶೋಧನಾ ಸಮಿತಿಯನ್ನು ನೇಮಿಸಿತು. 'ಶಾಸಕರ ಸೇವೆ ಪಡೆದವರೆಲ್ಲರೂ ಮತದಾನದ ದಿನ ಗೈರುಹಾಜರಾಗಿದ್ದರು' ಎಂದು ಸಮಿತಿ ಕಂಡುಕೊಂಡಿತು.

"ನನ್ನೋರು ಅಂತ ಇದ್ದೋರೆಲ್ಲ ಹೋಗ್ಬಿಟ್ರು ಕಣೇ," ಎಂದು ಶಾಸಕರು ಮೊದಲ ಬಾರಿಗೆ ನಿಜವಾಗಿ ಅತ್ತರು.

"ಬದುಕಿದ್ದೋರ ಮುಖಾನೂ ಒಂದ್ಸಲ ನೋಡ್ಬೇಕಿತ್ತು ಕಣ್ರೀ," ಎಂದರು ಹೆಂಡತಿ. ಈ ಮಾತನ್ನು ವರದಿಗೆ ಸೇರಿಸಲಿಲ್ಲ.

ಪಕ್ಷದವರು ಓದದ ಆ ವರದಿಯನ್ನು ಹೊಸ ಶಾಸಕರು ತರಿಸಿಕೊಂಡು ಓದಿದರು. ವಾರದೊಳಗೆ ಪ್ರಕಟಣೆ ಹೊರಬಿತ್ತು: 'ಮೃತರು ಮತ ಹಾಕಲಾರರೆಂಬ ತಾಂತ್ರಿಕ ದೋಷವನ್ನು ನಿವಾರಿಸುವ ಸಲುವಾಗಿ, ಅರವತ್ತು ದಾಟಿದ ಎಲ್ಲರಿಗೂ ಇನ್ನು ಮುಂದೆ ಜೀವಂತವಿರುವಾಗಲೇ ಸಂತಾಪ ಸೂಚಿಸಲಾಗುವುದು. ಫಲಾನುಭವಿಗಳು ಖುದ್ದಾಗಿ ಹಾಜರಿರತಕ್ಕದ್ದು.'

ಆಸ್ಪತ್ರೆ ಹೇಗೂ ಖಾಲಿಯಿದ್ದುದರಿಂದ ಸಮಾರಂಭ ಅಲ್ಲೇ ನಡೆಯಿತು. ಬೆಳಗಿನಿಂದಲೇ ನೂಕುನುಗ್ಗಲು. ಪಕ್ಕದ ಮನೆಯವನಿಗೆ ದೊಡ್ಡ ಹಾರ ಸಿಕ್ಕಿತೆಂದು ಜಗಳವೂ ಆಯಿತು. ಸಾಲಿನಲ್ಲಿ ಮಾಜಿ ಶಾಸಕರೂ ನಿಂತಿದ್ದರು.

"ನಿಮಗ್ಯಾಕ್ರೀ ಇದೆಲ್ಲ?" ಎಂದರು ಹೆಂಡತಿ.

"ಎಲ್ರಿಗೂ ಕೊಡ್ತಿರೋವಾಗ ನಾವ್ಯಾಕೆ ಬಿಡ್ಬೇಕು?"

ಸರದಿ ಬಂತು. ಹೊಸ ಶಾಸಕರು ಅವರ ಎರಡೂ ಕೈ ಹಿಡಿದುಕೊಂಡು ಅವರ ಅಗಲಿಕೆಗೆ ಕಣ್ಣೊರೆಸಿಕೊಂಡು ದುಃಖಿಸಿದರು. ಮಾಜಿ ಶಾಸಕರ ಮನಸ್ಸು ಕರಗಿಹೋಯಿತು.

"ಎಂಥಾ ಒಳ್ಳೇ ಮನುಷ್ಯ!" ಎಂದರು ಹೊರಬರುತ್ತಾ. "ಮುಂದಿನ ಸಲ ನಮ್ಮ ವೋಟು ಇವರಿಗೇ ಕಣೇ."