ಸೋಲಲು ಉಡುವ ಇಸ್ತ್ರಿ ಪಂಚೆ

ನಮ್ಮ ಸೋದರಮಾವ ಸೋಲುವುದಕ್ಕೆಂದೇ ಪಂಚೆಗೆ ಇಸ್ತ್ರಿ ಹಾಕಿಸುತ್ತಿದ್ದ ಮನುಷ್ಯ ಎಂದರೆ ನೀವು ನಂಬುವುದಿಲ್ಲ. ಬಿಡಿ, ನನ್ನನ್ನು ನಮ್ಮಪ್ಪನೇ ನಂಬುವುದಿಲ್ಲ!

ಹಾರೋಹಳ್ಳಿ ಕಡೆ ರಾಗಿ ಹೊಲಗಳಲ್ಲಿ ಚಿಮಣಿ ಬೆಳೆಯತೊಡಗಿದ್ದ ಕಾಲ. ಹೊಸದೊಂದು ಕಾರ್ಖಾನೆಯ ಕೊಳೆನೀರು ಇಳಿದು ಮಾವನ ಬಾವಿಯೆಲ್ಲ ಕೆಂಪಾಯಿತು. ಅತ್ತೆ ಕೊಡ ಹೊತ್ತು ಪಕ್ಕದೂರಿಗೆ ನಡೆಯತೊಡಗಿದಳು. ಮಾವ ಕೇಸು ಹಾಕಿದ.

"ಗೆಲ್ತೀಯಾ ಮಾವ?"

"ಥೂ! ಕಂಪ್ನಿ ಮ್ಯಾಲೆ ಯಾವನ್ಲಾ ಗೆದ್ದವ್ನೆ? ಸೋಲೋದು ಗ್ಯಾರಂಟಿ!"

"ಮತ್ಯಾಕೆ ಇಸ್ತ್ರಿ ಪಂಚೆ ಉಟ್ಕಂಡು ಓಯ್ತೀಯಾ?"

"ನಾನ್ ಓಗ್ದಿದ್ರೆ ಅವ್ರು ಗೆದ್ದಂಗೆ ಕಣ್ಲಾ. ಓದ್ರೆ ಬರೀ ವಾಯ್ದೆ!"

ಲೋಕಕ್ಕೆ ವಾಯಿದೆ ಎಂದರೆ ಕೇಸು ಮುಂದಕ್ಕೆ ಹೋಗುವುದು. ಮಾವನ ನಿಘಂಟಿನಲ್ಲಿ ಮಾತ್ರ, ಇನ್ನೂ ಸೋಲದಿರುವುದು!

ಮೊದಲ ದಿನ ಕೋರ್ಟಿನಿಂದ ದಿಗಿಲುಬಿದ್ದು ಬಂದ. "ಜವಾನ ಕಂಪ್ನಿ ಎಸ್ರ ಮೂರ್ ಸಲ ಕೂಗ್ದ. ಕಂಪ್ನಿ ಬರ್ನೇ ಇಲ್ಲ ಕಣ್ಲಾ! ಕರೀಕೋಟ್ನೋರು ನಾಕ್ ಜನ ಎದ್ ನಿಂತ್ರು. ಮೈಯ್ಯೇ ಇಲ್ದೋನ್ನ ಕಟಕಟೇಲಿ ಎಂಗ್ಲಾ ನಿಲ್ಸೋದು?"

ಕಾನೂನು ಓದಿದವರಿಗೇ ಕಷ್ಟದ ಪ್ರಶ್ನೆ. ಎಸ್ಸೆಸ್ಸೆಲ್ಸಿಯಲ್ಲೇ ಗೋತಾ ಹೊಡೆದ ನಾನೇನು ಹೇಳಲಿ?

ಪ್ರತಿ ವಾಯಿದೆಗೂ ಒಂದು ಬಾಟಲಿ ಬಾವಿನೀರು ಸಾಕ್ಷಿಯಾಗಿ ಜೊತೆಗೆ ಹೋಗುತ್ತಿತ್ತು. ಒಮ್ಮೆ ರಾಮನಗರದ ಬಸ್ಸಿನಲ್ಲಿ ಪಕ್ಕ ಕೂತಿದ್ದ ಚನ್ನಪಟ್ಟಣದ ಬೊಂಬೆ ಮಾಡುವ ಸಾಬರು ಅದನ್ನು ಬೆಳಕಿಗೆ ಹಿಡಿದು ಬೆರಗಾದರು. "ಏನ್ ಕಲರ್ ಗೌಡ್ರೇ! ಯಾವ್ ಅಂಗ್ಡೀದು?"

"ನಮ್ ಬಾವೀದು ಸಾಬ್ರೇ. ಎಷ್ಟ್ ಕೊಡ ಬೇಕು?"

ನಾನೋ, ಎಲ್ಲರನ್ನೂ ಅಣಕಿಸುವ ಊರ ಕೋತಿ. ವಾಯಿದೆಯ ದಿನ ಸಂಜೆ ಜಗಲಿಯೇರಿ, ಮಾವನ ಕನ್ನಡಕವನ್ನೇ ಮೂಗಿನ ತುದಿಗೆ ಸಿಕ್ಕಿಸಿ, ಜಡ್ಜ್ ದನಿಯಲ್ಲಿ ಕೆಮ್ಮಿ, "ಮುಂದಿನ ವಾಯಿದೆ..." ಎಂದರೆ ಸಾಕು, ಮಾವ ಹೊಟ್ಟೆ ಹಿಡಿದು ನಗುತ್ತಿದ್ದ. ಒಂದು ಸಂಜೆ, ರುಚಿ ಬದಲಾಗಲೆಂದು, ತೀರ್ಪನ್ನೇ ಓದಿಬಿಟ್ಟೆ: "ಕಂಪನಿಯು ವಾದಿಯ ಬಾವಿಯನ್ನು ಮೊದಲಿನಂತೆ ತಿಳಿಯಾಗಿಸಿ ಕೊಡತಕ್ಕದ್ದು!"

ನಗು ಕೇಳಿಸಲಿಲ್ಲ. ಕನ್ನಡಕದ ಮೇಲಿಂದ ನೋಡಿದೆ. ಸೋಲೋದು ಗ್ಯಾರಂಟಿ ಎನ್ನುತ್ತಿದ್ದ ಮಾವ ಎದ್ದು ನಿಂತಿದ್ದ. ಹೆಗಲ ಮೇಲಿನ ಟವಲು ಕಂಕುಳಿಗೆ ಇಳಿದಿತ್ತು. ಕೈ ಮುಗಿದಿತ್ತು.

"ಒಸಿ ತಡೀಲಾ," ಎಂದ. "ನಿಮ್ಮತ್ತೆ ನೀರಿಗೋಗವ್ಳೆ. ಬಂದ್ಮ್ಯಾಲೆ ಇನ್ನೊಂದ್ಸಲ ಓದು."