ರಾಜರ ರೈಲಿಗೆ ನಮ್ಮ ಕಡೆಯ ಗಿರಾಕಿಗಳು

ಗೋಕಾಕದಲ್ಲಿ ಕೂತು ರಾಜವೈಭವದ ರೈಲಿಗೆ ಗಿರಾಕಿ ಹುಡುಕುವವನಿಗೆ ಇಂಥವು ಆಗುತ್ತಲೇ ಇರುತ್ತವೆ. ಒಂದು ದಿನ ಆಗಲಿಲ್ಲವೆಂದರೆ ಅವತ್ತು ಅಂಗಡಿ ಮುಚ್ಚಿತ್ತು ಅಂತಲೇ ತಿಳಿಯಬೇಕು.

ಬಸ್‌ಸ್ಟ್ಯಾಂಡಿನ ಬಾಜೂ ನನ್ನದೊಂದು ಟ್ರಾವೆಲ್ಸ್. ಮಾರುವುದು ಹೆಚ್ಚಾಗಿ ಪಂಢರಪುರ, ಶಿರಡಿ, ತಿರುಪತಿ. ಆದರೆ ನನಗೆ ಮೊದಲಿನಿಂದಲೂ ಹಳೆಯ ರಾಜರ ರೈಲುಗಳ ಹುಚ್ಚು. ಆ ಹುಚ್ಚಿಗೆ ಮುಂಬೈ ಕಂಪನಿಯೊಂದು ತನ್ನ ಐಷಾರಾಮಿ ರೈಲಿನ ಏಜೆನ್ಸಿ ಕೊಟ್ಟು, ಬಂಗಾರದ ಬಣ್ಣದ ಬೋರ್ಡನ್ನೂ ಕಳಿಸಿತು. ಷರತ್ತು ಒಂದೇ: ಶಿವರಾತ್ರಿಯೊಳಗೆ ಒಂದಾದರೂ ಕೋಣೆ ಭರ್ತಿಯಾಗಿ ಹೋಗಬೇಕು. ಇಲ್ಲದಿದ್ದರೆ ಬೋರ್ಡು ವಾಪಸ್. ಅದನ್ನು ಇಳಿಸುವುದೆಂದರೆ ನನಗೆ ಜೀವ ಹೋದಂತೆ.

ಹುಕ್ಕೇರಿಯ ಮಾಸ್ತರರು

ನಿವೃತ್ತ ಮಾಸ್ತರರು. ಬಂದವರೇ, "ಈ ರೈಲಿನ ಇತಿಹಾಸ ಏನ್ರಿ?" ಎಂದರು. ನನಗೆ ಅಷ್ಟು ಸಾಕಿತ್ತು. ಮಹಾರಾಜರ ಡಬ್ಬಿಗಳ ಮಖಮಲ್ಲು, ಬೀಟೆ ಮರದ ಗೋಡೆ, ರಾಜರ ಚಹಾ ಮುಗಿಯುವವರೆಗೆ ಸ್ಟೇಶನ್ನಿನಲ್ಲಿ ಕಾಯುತ್ತಿದ್ದ ಗಾಡಿ, ಎಲ್ಲ ಹೇಳಿದೆ. ಮಾಸ್ತರರು ಕಣ್ಣು ಮುಚ್ಚಿ ಕೇಳಿದರು. ನಡುವೆ ನಾನೇ ಚಹಾ ತರಿಸಿದೆ. ಕೊನೆಗೆ ನನ್ನ ಎರಡೂ ಕೈ ಹಿಡಿದುಕೊಂಡರು.

"ಭಾಳ ಛಲೋ ಹೇಳಿದ್ರಿ. ಖರೆ ಹೇಳತೇನಿ, ಹೋಗಿ ಬಂದಂಗ ಆತು. ಇನ್ನ ಹೋಗೋ ಗರಜ ಉಳೀಲಿಲ್ಲ."

ಮೂಡಲಗಿಯ ಅಕ್ಕಾವರು

ಇವರಿಗೆ ಫೋಟೋ ತೋರಿಸಿದೆ. "ನೋಡ್ರಿ, ಪಲ್ಲಂಗ ಐತಿ, ಕಪಾಟ ಐತಿ, ಬಚ್ಚಲ ಐತಿ, ಬಾಜೂಕ ಅಡಗೀಮನಿ."

ಅವರು ಒಂದೊಂದೇ ಫೋಟೋ ನೋಡಿ ನಿಟ್ಟುಸಿರು ಬಿಟ್ಟರು. "ಹಂಗಾದ್ರ ಇದೂ ಮನೀನ ಆತಲ್ರಿ. ನಾ ಮನಿ ಬಿಟ್ಟು ಎಲ್ಲಿಗರೆ ಹೋಗಬೇಕಂತ ನಿಮ್ಮ ಕಡೆ ಬಂದೇನಿ."

ಯಮಕನಮರಡಿಯ ಲಾರಿ ಮಾಲಕರು

"ಇಷ್ಟ ರೊಕ್ಕ ತಗೊಂಡು ಗಾಡಿ ಸಾವಕಾಶ ಯಾಕ ಹೋಗತೈತ್ರಿ?" ಎಂದು ಇವರ ತಕರಾರು.

"ಸಾವಕಾಶ ಹೋಗೋದ ಅದರ ಸೊಗಸು, ಮಾಲಕರ. ನಡುನಡುವೆ ನಿಲ್ಲತೈತಿ, ಊಟ ಆಗತೈತಿ, ನಿದ್ದಿ ಆಗತೈತಿ."

"ಅಂಥಾ ಸೊಗಸಿನ ಡ್ರೈವರ್ ನನ್ನ ಕಡೆ ಒಬ್ಬಾಂವ ಅದಾನ. ನಿಮ್ಮ ಕಂಪನಿಗೆ ಬೇಕೇನು?"

ಕಣಗಲಾ ಕಡೆಯ ಕಾಕಾ

ಶಿವರಾತ್ರಿ ಹತ್ತಿರ ಬಂತು. ನಾನು ಬೋರ್ಡಿನ ಕಡೆ ನೋಡುವುದನ್ನೇ ಬಿಟ್ಟಿದ್ದೆ. ಆಗ ಬಂದರು ಕಾಕಾ. ಕುರಿ ಹಿಂಡು, ಕಬ್ಬು ಎರಡೂ ಇದ್ದ ಮನೆತನ.

"ಜನ್ಮ ಪೂರಾ ಕುರಿ ಹಿಂದ ನಡದೇನಿ. ಒಮ್ಮೆ ನಮ್ಮಾಕಿನ್ನ ಕರಕೊಂಡು ಕುಂತು ಹೋಗಬೇಕು" ಎಂದವರೇ ಕೋಣೆ ಬುಕ್ ಮಾಡಿದರು. ನನಗೆ ಕಣ್ಣಲ್ಲಿ ನೀರು ಬಂತು. ಹೋಗುವಾಗ ಒಂದೇ ಮಾತು ಕೇಳಿದರು: "ಸೀಟ ಸಿಗತಾವಲ್ರಿ?"

"ಕಾಕಾ, ಇಡೀ ಕೋಣಿನ ನಿಮ್ಮದು!"

"ಅದು ಖರೆ. ಆದ್ರೂ..."

ಆ 'ಆದ್ರೂ'ವನ್ನು ನಾನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ನಮ್ಮ ಕಡೆ ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಒಗೆದು ಸೀಟು ಹಿಡಿಯುವುದು ರೂಢಿ. ಟವೆಲ್ ಬಿತ್ತೆಂದರೆ ಸೀಟು ಆಯಿತು, ಆಮೇಲೆ ನಿಶ್ಚಿಂತೆಯಿಂದ ಚಹಾ ಕುಡಿದು ಬರಬಹುದು. ಕಾಕಾ ಮುಂಬೈಯಲ್ಲೂ ಅದೇ ವ್ಯವಸ್ಥೆ ಮಾಡಿದರು. ಜೊತೆಗೆ ಕರೆದೊಯ್ದಿದ್ದ ತಮ್ಮನನ್ನೂ ತಮ್ಮನ ಹೆಂಡತಿಯನ್ನೂ ಟವೆಲ್ ಕೊಟ್ಟು ರೈಲಿಗೆ ಕಳಿಸಿ, ತಾವು ಗಂಡ ಹೆಂಡತಿ ಸ್ಟೇಶನ್ನಿನ ಹೊರಗೆ ಊಟಕ್ಕೆ ಕೂತರು.

ರೈಲಿನ ಕಿಟಕಿ ತೆರೆಯುವಂಥದ್ದಲ್ಲ. ತಮ್ಮ ಬಾಗಿಲಿಗೆ ಹೋದ. ಅಲ್ಲಿಯವರು ಕೈಮುಗಿದು, ಯಾರ ಹೆಸರಿನ ಕೋಣೆ ಎಂದು ಕೇಳಿದರು. ಆತ ಪ್ರಾಮಾಣಿಕವಾಗಿ ಅಣ್ಣನ ಹೆಸರು ಹೇಳಿದ. ಕೊರಳಿಗೆ ಹಾರ ಬಿತ್ತು, ಆರತಿಯಾಯಿತು, ಶರಬತ್ತು ಬಂತು. ಇಬ್ಬರೂ ಮೆತ್ತನೆಯ ಹಾಸಿಗೆಯ ಮೇಲೆ ಟವೆಲ್ ಹಾಸಿ ಭದ್ರವಾಗಿ ಕೂತರು. ಹೊರಗೆ ಕಾಕಾ ಇನ್ನೊಮ್ಮೆ ಅನ್ನ ಹಾಕಿಸಿಕೊಳ್ಳುವಷ್ಟರಲ್ಲಿ ರೈಲು ಹೊರಟುಬಿಟ್ಟಿತು.

ಕಾಕಾರ ಫೋನ್ ಬಂದಾಗ ನಾನು ಹಣೆ ಹಣೆ ಬಡಿದುಕೊಂಡೆ. ಕೋಣೆ ಭರ್ತಿಯಾಗಿ ಹೋಗಿತ್ತು, ಕಂಪನಿಗೆ ಅಷ್ಟೇ ಬೇಕಾಗಿತ್ತು, ಬೋರ್ಡೇನೋ ಉಳಿಯಿತು. ಆದರೆ ಜನ್ಮದ ಆಸೆ ಹೊತ್ತು ಹೋದ ಮನುಷ್ಯ ಖಾನಾವಳಿಯಲ್ಲಿ ಕೂತಿದ್ದಾರಲ್ಲ!

"ಕಾಕಾ, ನಾ ಗಾಡಿಯವರಿಗೆ ಹೇಳತೇನಿ. ಮುಂದಿನ ಸ್ಟೇಶನ್ನಿನ್ಯಾಗ ಅವರು ಇಳೀಲಿ. ನೀವು ಲಗೂನ ಕಾರ್ ಮಾಡ್ಕೊಂಡು ಹೋಗಿ ಹತ್ರಿ!"

"ಬ್ಯಾಡ್ರಿ. ಅವರು ಇಳದ್ರ ಯಾರರೆ ಕುಂತ ಬಿಡ್ತಾರ."

"ಯಾರೂ ಕುಂದ್ರಾಂಗಿಲ್ರೀ! ಕೋಣಿಗೆ ಕೀಲಿ ಐತಿ!"

"ಅಲ್ರಿ, ಈ ಗಾಡಿ ಹೊಳ್ಳಿ ಇಲ್ಲೇ ಬರತೈತೇನು?"

"ಬರತೈತಿ, ಒಂದ ವಾರಕ್ಕ. ಅಷ್ಟರಾಗ ಟೂರ್ ಮುಗದ ಹೋಗಿರತೈತಿ, ಎಲ್ಲಾರೂ ಇಳದ ಬಿಡ್ತಾರ, ಕಾಕಾ!"

"ಹಂಗಾದ್ರ ಬೇಸ್ ಆತು, ಗದ್ದಲಾನ ಇರಾಂಗಿಲ್ಲ. ನೀವು ಚಿಂತಿ ಮಾಡಬ್ಯಾಡ್ರಿ. ನಾವು ಬರೂತನಕಾ ಟವೆಲ್ ಎತ್ತಬ್ಯಾಡಂತ ತಮ್ಮಗ ಹೇಳೇನಿ."