ಅಂಬರಾಯರ ಅವರೆ ತಪಾಸಣೆ

ವಾಡಿ ಜಂಕ್ಷನ್ನಿನ ಟಿಕೆಟ್ ಕಲೆಕ್ಟರ್ ಅಂಬರಾಯರಿಗೆ ತಮ್ಮ ಕಣ್ಣಿನ ಮೇಲೆ ವಿಪರೀತ ಅಭಿಮಾನ. ಸೀಟಿನ ಕೆಳಗೆ ಅಡಗಿದವನ ಹೆಬ್ಬೆರಳು ಕಂಡರೆ ಸಾಕು, ಅವನ ಹತ್ತಿರ ಟಿಕೆಟ್ ಇದೆಯೋ ಇಲ್ಲವೋ ಹೇಳಬಲ್ಲರು. (ಟಿಕೆಟ್ ಇದ್ದವನು ಸೀಟಿನ ಕೆಳಗೇಕೆ ಅಡಗುತ್ತಾನೆಂದು ಕೇಳಬಾರದು.)

ಇಂಥವರ ರೈಲ್ವೆ ಕ್ವಾರ್ಟರ್ಸಿನ ಹಿತ್ತಲಲ್ಲೇ, ಅವರು ಖುದ್ದಾಗಿ ಬೀಜ ಊರಿ ಬೆಳೆಸಿದ ಅವರೆ ಬಳ್ಳಿಗೆ ತುಕ್ಕು ರೋಗ ಬಿತ್ತು. ಎಲೆಯ ಅಡಿಯಲ್ಲೆಲ್ಲ ಹಳೇ ಕಬ್ಬಿಣದ ಮೇಲಿನಂಥ ಕೆಂಪು ಪುಡಿ. ಎಳ್ಳಮಾಸಿ ಹಬ್ಬಕ್ಕೆ ಬೇಯಿಸುವ ಹಸಿಕಾಳು-ಸೊಪ್ಪಿನ ಭಜ್ಜಿಗೆ ಈ ಸಲ ಇಡೀ ಓಣಿಗೆ ತಮ್ಮ ಹಿತ್ತಲದ್ದೇ ಕಾಯಿ ಎಂದು ಅವರು ಪ್ಲಾಟ್‌ಫಾರ್ಮಿನ ತುಂಬ ಸಾರಿಬಿಟ್ಟಿದ್ದರು. ಇನ್ನು ಸಂತೆಯಿಂದ ಕಾಯಿ ತಂದರೆ ಮಾನ ಉಳಿಯುವಂತಿರಲಿಲ್ಲ.

ಕೂಡಲೇ ಹಿತ್ತಲಿಗೆ ಬೀಗ ಬಿತ್ತು. ಹೆಂಡತಿ ಅಂಬುಬಾಯಿ, ಪಕ್ಕದ ಮನೆಯ ಜೈಬುನ್ನೀಸಾ, ಆಕೆಯ ಕೋಳಿಗಳು, ಸಕಲರಿಗೂ ಪ್ರವೇಶ ನಿಷಿದ್ಧ.

"ಒಗದ ಬಟ್ಟಿ ಎಲ್ಲಿ ಹಾಕ್ಲಿ? ನಿಮ್ಮ ತಲಿ ಮ್ಯಾಲೇನು?" ಎಂದಳು ಅಂಬುಬಾಯಿ.

"ಯಾರೋ ರೋಗ ಹೊತ್ತು ತರ್ಲಿಕತ್ತಾರ. ಆ ಗುನ್ಹೇಗಾರ ಸಿಗೋತನಕ ಯಾರೂ ಒಳಗ ಕಾಲಿಡಂಗಿಲ್ಲ."

"ಕೋಳಿ ಮ್ಯಾಲೂ ಸಂಶಯನಾ?"

"ಕೋಳಿ ಮ್ಯಾಲೇ ಭಾಳ ಸಂಶಯ!"

ಅಂದಿನಿಂದ ಅಂಬರಾಯರು ದಿನಾ ಬೆಳಿಗ್ಗೆ ಇಬ್ಬನಿ ಆರುವ ಮುನ್ನವೇ, ಬಿಳಿ ಯೂನಿಫಾರ್ಮ್ ತೊಟ್ಟು ಏಕಾಂಗಿಯಾಗಿ ಒಳಹೊಗುತ್ತಿದ್ದರು. ಒಂದೊಂದು ಎಲೆಯನ್ನೂ ಮಗುಚಿ ನೋಡಿ, ರೋಗವಿದ್ದದ್ದನ್ನು ಗದರಿಸಿ, ಇಲ್ಲದ್ದರ ಬೆನ್ನು ಸವರಿ ಬರುತ್ತಿದ್ದರು. ಇಷ್ಟಾದರೂ ರೋಗ ಪ್ಯಾಸೆಂಜರ್ ಬಿಟ್ಟು ಎಕ್ಸ್‌ಪ್ರೆಸ್ ಹಿಡಿದಿತ್ತು.

ಕೊನೆಗೆ ಬೆಳೆ ರೋಗ ಬಲ್ಲ ಗ್ರಾಮಸೇವಕ ವಿಠೋಬಾರನ್ನು ಕರೆಸಿದರು. ಗುನ್ಹೇಗಾರನ ಹೆಸರು ಸಾಕ್ಷಿಗಳ ಎದುರೇ ಹೊರಬರಲೆಂದು ಅಂಬುಬಾಯಿಯನ್ನು ಪಕ್ಕದಲ್ಲೂ ಜೈಬುನ್ನೀಸಾಳನ್ನು ಗೋಡೆಯಾಚೆಯೂ ನಿಲ್ಲಿಸಿದರು.

ವಿಠೋಬಾ ಎಲೆ ನೋಡಿ ಕೇಳಿದರು: "ಮಂಜು ಬಿದ್ದಾಗ ಇಲ್ಲಿ ಯಾರ ಅಡ್ಡಾಡ್ತಾರ್ರಿ?"

"ಯಾರೂ ಇಲ್ಲ! ನಾ ಒಬ್ಬಾಂವ!" ಅಂಬರಾಯರ ಎದೆ ಉಬ್ಬಿತು.

"ಎಲಿ ಮುಟ್ತೀರೇನು?"

"ಒಂದೂ ಬಿಡಂಗಿಲ್ರಿ! ಹಿಂದ, ಮುಂದ, ಎಲ್ಲಾ!"

"ರೋಗದ್ದು ಮುಟ್ಟಿದ ಕೈಲೇ ಛಲೋದ್ದೂ ಮುಟ್ತೀರಿ?"

"ಮತ್ತ? ಎರಡೂ ಕೈಲೆ!"

ವಿಠೋಬಾ ಅಂಬರಾಯರ ಅಂಗಿಯ ಬಿಳಿ ತೋಳನ್ನು ಹಿಡಿದೆತ್ತಿದರು. ಅಂಚಿನ ತುಂಬ ಕೆಂಪು ಪುಡಿ.

"ರೋಗದ ಬೀಜ ಇದೇ ನೋಡ್ರಿ. ಹಸಿ ಎಲಿಗೆ ತಾಕಿದ್ರ ಅಲ್ಲೇ ಹತ್ತಿಬಿಡ್ತದ. ಅಕ್ಕಾರ, ಕೆಟ್ಟ ಎಲಿ ಕಿತ್ತು ಸುಡ್ರಿ, ಗಂಧಕದ ಪುಡಿ ಉದುರಿಸ್ರಿ. ಮತ್ತ ಈ ಸಾಹೇಬ್ರನ್ನ ಒಳಗ ಬಿಡಬ್ಯಾಡ್ರಿ."

"ಯಾ ಅಲ್ಲಾ! ನಮ್ಮ ಕೋಳಿ ಸುಮ್‌ಸುಮ್ನ ಬದ್ನಾಮ್ ಆದ್ವಲ್ಲ!" ಎಂದಳು ಜೈಬುನ್ನೀಸಾ. ಅಂಬುಬಾಯಿ ಗಂಡನ ಜೇಬಿನಿಂದ ಬೀಗದ ಕೈ ತೆಗೆದು ಸೆರಗಿಗೆ ಕಟ್ಟಿಕೊಂಡಳು. ಅಂಬರಾಯರಿಗೆ ನಿಂತ ನೆಲವೇ ಬಾಯಿಬಿಡಬಾರದೇ ಅನ್ನಿಸಿತು.

ಬಿಸಿಲೇರಿದ ಮೇಲಷ್ಟೇ ಅಂಬುಬಾಯಿ ಹಿತ್ತಲಿಗೆ ಹೋಗಿ ಕೆಟ್ಟ ಎಲೆ ಕಿತ್ತಳು, ಸುಟ್ಟಳು, ಗಂಧಕ ಉದುರಿಸಿದಳು. ಬಳ್ಳಿ ಹೊಸದಾಗಿ ಚಿಗುರಿ ಕಾಯಿ ಕಟ್ಟಿತು. ಎಳ್ಳಮಾಸಿಯ ದಿನ ಓಣಿಗೆ ಓಣಿಯೇ ಸಜ್ಜೆ ರೊಟ್ಟಿ ಹಿಡಿದು ಭಜ್ಜಿಗೆ ಕೂತಿತು.

"ರಾಯರ, ಕಾಯಿ ಭಾಳ ಛಲೋ ಬಂದಾವ! ಏನ್ ಮಾಡಿದ್ರಿ?" ಯಾರೋ ಕೇಳಿದರು.

ಅಂಬುಬಾಯಿ ಬಾಯಿ ತೆರೆಯುವಷ್ಟರಲ್ಲಿ ಅಂಬರಾಯರು ಕಾಲರ್ ಸರಿಮಾಡಿಕೊಂಡರು.

"ಸುಮ್ನ ಬಂದಾವೇನ್ರಿ? ಅವತ್ತಿಂದ ಇವತ್ತಿನತನಕ ನಾ ಒಂದೂ ಎಲಿ ಮುಟ್ಟಿಲ್ಲ!"